ಅನ್ಯ ಯಾರಿಗೆ?

ಪ್ರಿಯರೇ,

ನಿಮ್ಮ ‘ತಟಸ್ಥ ಸರಕಾರ ಬೇಕಾಗಿದೆ’ ಲೇಖನ ತಲುಪಿದೆ. ನಿಷೇಧಾಜ್ಞೆಯ ಸಂಜೆ ಸುರತ್ಕಲ್ ಪೇಟೆಯಲ್ಲಿ ಶಟರ್ ಅರ್ಧ ಎಳೆದು, ಒಳಗಿನ ದೀಪ ಆರಿಸಿ, ರಸ್ತೆ ನೋಡುತ್ತ ನಿಂತ ಅಂಗಡಿಯವರ ಚಿತ್ರ ಚೆನ್ನಾಗಿದೆ. ಭಾಷೆಯೂ ಶುದ್ಧ. ಆದರೆ ಎರಡು ಪದಗಳು ನನ್ನನ್ನು ರಾತ್ರಿಯಿಡೀ ಕಾಡಿದವು. ಅವನ್ನಷ್ಟೇ ಹೇಳುತ್ತೇನೆ.

ಮೂರನೇ ಪ್ಯಾರಾ: ‘ಯುವಕನ ಮೇಲೆ ಅನ್ಯಕೋಮಿನ ಗುಂಪು ಹಲ್ಲೆ ನಡೆಸಿತು.’ ಯಾರಿಗೆ ಅನ್ಯ? ಪೆಟ್ಟು ತಿಂದವನಿಗೋ, ನಿಮಗೋ, ಓದುವವರಿಗೋ? ಮುಂದಿನ ಪುಟದಲ್ಲಿ ಮುಸ್ಲಿಂ ಹುಡುಗನಿಗೆ ಪೆಟ್ಟು ಬಿದ್ದಾಗ ‘ಕಿಡಿಗೇಡಿಗಳು’ ಎಂದು ಬರೆದಿದ್ದೀರಿ. ಅಲ್ಲಿ ಕೋಮು ಎಲ್ಲಿ ಹೋಯಿತು? ಸರಕಾರದ ಪಕ್ಷಪಾತ ಹುಡುಕಲು ಹೊರಟ ಲೇಖನದೊಳಗೇ ಅದು ಕೂತಿದೆ. ನೀವು ಬೇಕೆಂದು ಮಾಡಿಲ್ಲ, ಗೊತ್ತು. ನಮ್ಮ ಕರಾವಳಿಯ ಪತ್ರಿಕೆಗಳು ನಮ್ಮೆಲ್ಲರ ಕೈಗೆ ಕೊಟ್ಟ ಪದ ಅದು.

1998ರ ಕೊನೆಯಲ್ಲಿ ಸುರತ್ಕಲ್ ಗಲಭೆಯಾದಾಗ ನಾನು ಮಂಗಳೂರಿನ ಒಂದು ಪತ್ರಿಕೆಯಲ್ಲಿ ಹೊಸಬ. ನಾನೂ ಅದೇ ಪದ ಬರೆದಿದ್ದೆ. ಹಿರಿಯ ಉಪಸಂಪಾದಕರು ಕೆಂಪು ಪೆನ್ಸಿಲಿನಲ್ಲಿ ಅದಕ್ಕೊಂದು ಸುತ್ತು ಹಾಕಿ, ‘ನಾಳೆ ಬೆಳಿಗ್ಗೆ ಬಂದರಿನ ಬ್ಯಾರಿ ಮುಸ್ಲಿಮರೂ ಇದನ್ನು ದುಡ್ಡು ಕೊಟ್ಟು ಓದುತ್ತಾರೆ ಮಾರಾಯ’ ಎಂದರು. ಬೈಯಲಿಲ್ಲ. ಹಾಳೆ ನನ್ನ ಕಡೆ ಸರಿಸಿದರು. ಇಷ್ಟು ವರ್ಷವಾದರೂ ‘ಅನ್ಯ’ ಎಂದು ಬರೆಯುವ ಮುಂಚೆ ಆ ಕೆಂಪು ಸುತ್ತು ಕಾಣುತ್ತದೆ.

ಇನ್ನು ‘ತಟಸ್ಥ’. ಹನ್ನೊಂದು ಸಲ ಬಂದಿದೆ. ತಟಸ್ಥ ಎಂದರೆ ದಡದಲ್ಲಿ ನಿಂತವನು. ನೇತ್ರಾವತಿಯಲ್ಲಿ ಒಬ್ಬ ಮುಳುಗುತ್ತಿರುವಾಗ ದಡದಲ್ಲಿ ನಿಲ್ಲುವ ಸರಕಾರವನ್ನೇ ನೀವು ಕೇಳುತ್ತಿದ್ದೀರಾ? ನಿಮಗೆ ಬೇಕಾದದ್ದು ನಿಷ್ಪಕ್ಷಪಾತ: ಯಾರ ಮಗನೆಂದು ಕೇಳದೆ ನೀರಿಗಿಳಿಯುವವನು. ಸಂವಿಧಾನದ 14ನೇ ವಿಧಿ ‘ಯಾವುದೇ ವ್ಯಕ್ತಿ’ ಎನ್ನುತ್ತದೆ. ನಾಗರಿಕ ಎಂದು ಕೂಡ ಹೇಳುವುದಿಲ್ಲ.

ಈ ಪದ ನಿಮ್ಮನ್ನು ಎಲ್ಲಿ ದಾರಿ ತಪ್ಪಿಸಿದೆ ನೋಡಿ. 2022ರ ಜುಲೈ ಬಗ್ಗೆ ‘ಮೂರೂ ಕುಟುಂಬಗಳಿಗೆ ಪರಿಹಾರ ನೀಡಲಾಯಿತು’ ಎಂದು ಒಂದೇ ಸಾಲು. ಯಾರು ನೀಡಿದರು? ಯಾವಾಗ? ಬೆಳ್ಳಾರೆ, ಸುರತ್ಕಲ್ ಕಡೆ ಹತ್ತು ದಿನಗಳೊಳಗೆ ಮೂವರು ತರುಣರ ಕೊಲೆಯಾಯಿತು. ಆಗಿನ ಮುಖ್ಯಮಂತ್ರಿ ಹೋದದ್ದು ಒಂದೇ ಮನೆಗೆ. ಆ ಹಿಂದೂ ಕುಟುಂಬಕ್ಕೆ ಸರಕಾರದ 25 ಲಕ್ಷ ರೂಪಾಯಿ ಆಗಲೇ ಸಿಕ್ಕಿತು, ಸಿಗಬೇಕಾದದ್ದೇ. ಇಬ್ಬರು ಮುಸ್ಲಿಂ ತರುಣರ ಮನೆಯವರಿಗೆ ಅಷ್ಟೇ ಮೊತ್ತ ಬಂದದ್ದು ಸರಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ. ಆ ಹನ್ನೊಂದು ತಿಂಗಳು ನಿಮ್ಮ ‘ಲಾಯಿತು’ವಿನೊಳಗೆ ಮುಚ್ಚಿಹೋಗಿದೆ. ಇಡೀ ಲೇಖನ ಅಲ್ಲಿತ್ತು.

ಉಳಿದ ಪ್ಯಾರಾಗಳ ಬಗ್ಗೆ ಏನೂ ಹೇಳುವುದಿಲ್ಲ. ಬಸ್ಸು ಹತ್ತಿ ಬೆಳ್ಳಾರೆಗೆ, ಮುಖ್ಯಮಂತ್ರಿ ಹೋದ ಮನೆಯ ಕಡೆಗೆ, ಹೋಗಿ. ಅಲ್ಲಿಂದ ಕಳಂಜಕ್ಕೆ, ಮುಖ್ಯಮಂತ್ರಿ ಹೋಗದ ಮನೆಯಿರುವ ಊರಿಗೆ, ಎಷ್ಟು ದೂರವೆಂದು ನೋಡಿ. ಅದನ್ನು ಬರೆದು ಕಳಿಸಿ, ನಾನು ಕಾಯುತ್ತೇನೆ.