ಹೇಸುವ ಕೈಯಿಂದಲೇ ಹುಳುವಿನ ತುತ್ತು

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮ ಮನೆಗೆ ಆಫ್ರಿಕನ್ ಪಿಗ್ಮಿ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿ ಬಂದಿದೆ. ಒಣ ಆಹಾರವನ್ನು ಚೆನ್ನಾಗಿ ತಿನ್ನುತ್ತದೆ. ಆದರೆ ಪಶುವೈದ್ಯರು ವಾರದಲ್ಲಿ ಕೆಲವು ದಿನವಾದರೂ ಜೀವಂತ ಹುಳು ಕೊಡಿ ಎಂದಿದ್ದಾರೆ. ಚಿಕ್ಕಂದಿನಿಂದಲೂ ನನಗೆ ಹುಳು ಕಂಡರೆ ಮೈ ಮುದುಡುತ್ತದೆ. ಮೀಲ್‌ವರ್ಮ್ ಡಬ್ಬಿಯ ಮುಚ್ಚಳ ತೆಗೆದ ದಿನ ಕೈ ನಡುಗಿ ಡಬ್ಬಿಯೇ ಕೆಳಗೆ ಬಿತ್ತು. ಕುಳಿತು ಅತ್ತುಬಿಟ್ಟೆ. ಹುಳು ಕೊಡದೆ ಇದನ್ನು ಸಾಕಲು ಆಗುವುದಿಲ್ಲವೇ? ಇಂಥ ಸ್ವಭಾವದವಳು ಈ ಪ್ರಾಣಿಯನ್ನು ತರಲೇಬಾರದಿತ್ತೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಬರೆಯುವಾಗ ನಿಮಗೆ ನೋವಾಗಿದೆ. ನಾನು ಐದು ವರ್ಷ ಒಂದು ಹೆಡ್ಜ್‌ಹಾಗ್ ಸಾಕಿದ್ದೆ. ಹೆಸರು ಬುಗುರಿ. ಆ ಐದು ವರ್ಷಗಳಲ್ಲಿ ನನ್ನ ಹೇಸಿಗೆ ಪೂರ್ತಿಯಾಗಿ ಹೋಗಲೇ ಇಲ್ಲ. ಕೊನೆಯವರೆಗೂ ನಾನು ಬರಿಗೈಯಲ್ಲಿ ಮೀಲ್‌ವರ್ಮ್ ಮುಟ್ಟಿದವಳಲ್ಲ. ಆದರೂ ವಾರಕ್ಕೆ ಮೂರು ಸಂಜೆ ಬುಗುರಿಯ ಬಟ್ಟಲಿಗೆ ಹುಳು ತಪ್ಪಲಿಲ್ಲ. ಹೇಸಿಗೆ ಹೋದ ಮೇಲೆ ಕೊಡೋಣ ಎಂದು ಕಾಯಬೇಡಿ. ಅದು ಭಯಕ್ಕಿಂತ ನಿಧಾನವಾಗಿ ಕರಗುತ್ತದೆ ಎನ್ನುವುದನ್ನು ಮನೋವಿಜ್ಞಾನಿಗಳೂ ಗಮನಿಸಿದ್ದಾರೆ. ಅದು ಜೊತೆಯಲ್ಲೇ ಇರಲಿ, ಕೆಲಸವನ್ನು ಅದಕ್ಕೆ ತಕ್ಕಂತೆ ಜೋಡಿಸಿಕೊಳ್ಳಿ.

ನನ್ನ ಕೈ ಹಿಡಿದದ್ದು ರೆಫ್ರಿಜರೇಟರ್. ಮೀಲ್‌ವರ್ಮ್ ಎಂದರೆ ಒಂದು ಬಗೆಯ ಕಪ್ಪು ದುಂಬಿಯ ಮರಿಹುಳು. 7ರಿಂದ 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಅದು ಮರಗಟ್ಟಿದಂತೆ ಮಲಗುತ್ತದೆ, ಸಾಯುವುದಿಲ್ಲ. ರೆಫ್ರಿಜರೇಟರಿನ ಒಳಭಾಗ ಅದಕ್ಕೆ ಹೆಚ್ಚು ತಂಪಾಗುತ್ತದೆ, ಆದ್ದರಿಂದ ಬಾಗಿಲಿನ ಅರೆಯಲ್ಲಿ ಇಡಿ. ನಿಮ್ಮನ್ನು ಕಂಗೆಡಿಸಿದ್ದು ಹುಳುವಿನ ಬಣ್ಣವೋ ಆಕಾರವೋ ಇರಲಾರದು, ಅದರ ಹೊರಳಾಟ. ನನಗೂ ಹಾಗೆಯೇ ಇತ್ತು. ಅಲುಗಾಡದೆ ಮಲಗಿರುವ ಹುಳುಗಳು ಗೋಧಿ ಹೊಟ್ಟಿನ ನಡುವೆ ಒಣ ಕಡ್ಡಿಗಳಂತೆ ಕಾಣುತ್ತವೆ. ಆಗಲೇ ಉದ್ದ ಹಿಡಿಕೆಯ ಚಮಚದಿಂದ ಎಣಿಸಿ ತೆಗೆದು ಬಟ್ಟಲಿಗೆ ಹಾಕಿ ಈಚೆ ಬನ್ನಿ. ಕೋಣೆಯ ಬೆಚ್ಚಗೆ ತಾಗಿ ಕೆಲವು ನಿಮಿಷಗಳಲ್ಲಿ ಅವು ಚಲಿಸತೊಡಗುತ್ತವೆ. ಅಷ್ಟು ಹೊತ್ತಿಗೆ ನಿಮ್ಮ ಕೆಲಸ ಮುಗಿದಿರುತ್ತದೆ, ಹೆಡ್ಜ್‌ಹಾಗ್‌ನದು ಆರಂಭವಾಗುತ್ತದೆ.

ಬಟ್ಟಲು ಗಾಜಿನದೋ ಪಿಂಗಾಣಿಯದೋ ಆಗಿರಲಿ, ನೇರ ಗೋಡೆಯದಾಗಿರಲಿ. ನುಣುಪಾದ ಗೋಡೆಯನ್ನು ಮೀಲ್‌ವರ್ಮ್ ಹತ್ತಲಾರದು. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ, ನಿಮ್ಮ ಮೇಲೆ ಬರುವುದಿಲ್ಲ. ಈ ಮೂರು ಮಾತುಗಳನ್ನು ಮೊದಲ ತಿಂಗಳು ನಾನು ಪ್ರತಿ ಸಂಜೆ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ. ಚಿಮುಟ ಬಳಸುವುದಾದರೆ ಬಿದಿರಿನದೋ ರಬ್ಬರ್ ತುದಿಯದೋ ತೆಗೆದುಕೊಳ್ಳಿ. ಹಸಿದ ಹೆಡ್ಜ್‌ಹಾಗ್ ಚಿಮುಟವನ್ನೇ ಕಚ್ಚುತ್ತದೆ, ಲೋಹವಾದರೆ ಹಲ್ಲಿಗೆ ಪೆಟ್ಟು. ಬೆರಳಿನಿಂದ ಕೊಡುವ ಧೈರ್ಯ ಬಂದರೂ ಕೊಡಬೇಡಿ. ಅದರ ಕಣ್ಣು ಮಂದ, ಮೂಗು ಚುರುಕು. ಬೆರಳಿಗೆ ಹುಳುವಿನ ವಾಸನೆ ಅಂಟಿತೆಂದರೆ ಬೆರಳೂ ಊಟವೇ.

ಇನ್ನೊಂದು ಮಾತು. ಕೊಡುವಾಗ ಹುಳುವನ್ನು ನೋಡುತ್ತಾ ನಿಲ್ಲಬೇಡಿ, ಬಟ್ಟಲಿನಿಂದ ಎರಡು ಹೆಜ್ಜೆ ಹಿಂದೆ ಕುಳಿತು ಆ ಪ್ರಾಣಿಯ ಮುಖ ನೋಡಿ. ಬುಗುರಿ ಒಣ ಆಹಾರದ ಬಟ್ಟಲಿಗೆ ನಿದ್ದೆಗಣ್ಣಿನಲ್ಲಿ ಬರುತ್ತಿದ್ದಳು. ಹುಳುವಿನ ಸಂಜೆಗಳಲ್ಲಿ ಮಾತ್ರ ಗೂಡಿನ ಬಟ್ಟೆಯ ಅಡಿಯಿಂದ ಮೊದಲು ಮೂತಿ ಹೊರಬರುತ್ತಿತ್ತು, ಒದ್ದೆ ಮೂಗು ಎಡಕ್ಕೆ ಬಲಕ್ಕೆ ಆಡುತ್ತಿತ್ತು, ಆಮೇಲೆ ಹಣೆಯ ಮುಳ್ಳುಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು. ಬಟ್ಟಲು ಸಿಕ್ಕಿತೆಂದರೆ ಚಪ್ಪರಿಸುವ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ಮೊದಲ ಸಲ ತಿಂದ ಮೇಲೆ ಅವಳ ಬಾಯಲ್ಲಿ ನೊರೆ ಬಂದು, ಕತ್ತು ತಿರುಚಿ ಆ ನೊರೆಯನ್ನು ತನ್ನ ಮುಳ್ಳುಗಳಿಗೇ ಬಳಿದುಕೊಳ್ಳಲು ತೊಡಗಿದಳು. ಹುಳುವಿನಿಂದ ವಿಷವೇರಿತೆಂದು ನಾನು ಬೆದರಿ ರಾತ್ರಿಯೇ ವೈದ್ಯರಿಗೆ ಕರೆ ಮಾಡಿದೆ. ಹೊಸ ವಾಸನೆ, ಹೊಸ ರುಚಿ ಸಿಕ್ಕಾಗ ಹೆಡ್ಜ್‌ಹಾಗ್‌ಗಳು ಹೀಗೆ ಮಾಡುತ್ತವೆ, ಕಾಯಿಲೆಯಲ್ಲ. ನಿಮ್ಮದು ಹಾಗೆ ಮಾಡಿದರೆ ಹೆದರಬೇಡಿ ಎಂದು ಮೊದಲೇ ಹೇಳುತ್ತಿದ್ದೇನೆ.

ಹುಳು ಕೊಡದೆ ಸಾಕಬಹುದೇ ಎಂದಿದ್ದೀರಿ. ಜೀವಂತ ಹುಳುವೇ ಆಗಬೇಕೆಂದಿಲ್ಲ. ಶೀತದಲ್ಲಿ ಒಣಗಿಸಿದವು, ಡಬ್ಬಿಯಲ್ಲಿ ಬೇಯಿಸಿಟ್ಟವು ಸಿಗುತ್ತವೆ. ಒಣಗಿಸಿದ ಹುಳುವಿನಲ್ಲಿ ನೀರಿಲ್ಲ, ಹೆಚ್ಚು ಕೊಟ್ಟರೆ ಮಲಬದ್ಧತೆಯಾಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಆರಿಸಿ ಕೊಡಿ. ಇಂದು ರಾತ್ರಿ ನಿಮ್ಮಿಂದ ಇಷ್ಟೇ ಸಾಧ್ಯವೆಂದರೆ ಇಷ್ಟನ್ನೇ ಮಾಡಿ, ತಪ್ಪಿತಸ್ಥ ಭಾವ ಬೇಡ. ಆದರೆ ಇದು ಇರುಳೆಲ್ಲ ನೆಲ ಮೂಸಿ, ದುಂಬಿ, ಗೆದ್ದಲು, ಎರೆಹುಳು ಹುಡುಕಿ ತಿನ್ನಲು ಹುಟ್ಟಿದ ಜೀವ. ಪಂಜರದಲ್ಲಿ ಅದಕ್ಕೆ ಹುಡುಕಲು ಏನೂ ಉಳಿದಿಲ್ಲ. ನಿಮ್ಮ ವೈದ್ಯರು ಜೀವಂತ ಹುಳು ಎಂದದ್ದರ ಹಿಂದೆ ಪೋಷಣೆಯಷ್ಟೇ ಈ ಹುಡುಕಾಟವೂ ಇದೆ ಎಂದು ನನ್ನ ಎಣಿಕೆ.

ಪ್ರಮಾಣದಲ್ಲಿ ಮಾತ್ರ ಬಿಗಿಯಾಗಿರಿ. ಮೀಲ್‌ವರ್ಮ್‌ನ ತೂಕದಲ್ಲಿ ಶೇಕಡಾ 13ರಷ್ಟು ಕೊಬ್ಬಿರುತ್ತದೆ, ಮೇಣದ ಹುಳುವಿನಲ್ಲಿ, ಅಂದರೆ ಜೇನುಗೂಡಿನ ಮೇಣ ತಿನ್ನುವ ಪತಂಗದ ಮರಿಹುಳುವಿನಲ್ಲಿ, ಶೇಕಡಾ 20ಕ್ಕೂ ಹೆಚ್ಚು. ಆದ್ದರಿಂದ ಮೇಣದ ಹುಳು ಅಪರೂಪಕ್ಕೊಮ್ಮೆ ಸಾಕು. ಬುಗುರಿಗೆ ನಾನು ಒಂದು ಸಂಜೆಗೆ ಐದಾರು ಮೀಲ್‌ವರ್ಮ್ ಮೀರುತ್ತಿರಲಿಲ್ಲ. ಹೆಡ್ಜ್‌ಹಾಗ್ ಪೂರ್ತಿ ಚೆಂಡಾಗಿ ಸುತ್ತಿಕೊಳ್ಳಲು ಆಗದಿದ್ದರೆ, ಮುಂಗಾಲಿನ ಕಂಕುಳಲ್ಲಿ ಮಡಿಕೆ ಕಂಡರೆ ಅದು ದಪ್ಪವಾಗಿದೆ ಎಂದೇ ಅರ್ಥ. ಹುಳುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಕೊಡುವ ಒಂದೆರಡು ದಿನ ಮೊದಲು ಅವನ್ನು ಹೊರಗಿಟ್ಟು ಕ್ಯಾರೆಟ್, ಸೊಪ್ಪು ತಿನ್ನಿಸಿ, ಮತ್ತೆ ತಂಪಿನಲ್ಲಿ ಮಲಗಿಸಿ, ಕೊಡುವಾಗ ಕ್ಯಾಲ್ಸಿಯಂ ಪುಡಿ ಸವರಿ. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು ಸಿಕ್ಕರೆ ಪುಡಿಯ ಗೊಡವೆಯಿಲ್ಲ, ಅದರಲ್ಲೇ ಸುಣ್ಣ ಸಾಕಷ್ಟಿದೆ. ಚಿಮ್ಮಂಡೆ ಒಳ್ಳೆಯ ಆಹಾರವೇ, ಕೊಬ್ಬೂ ಕಡಿಮೆ. ಆದರೆ ಅದು ಜಿಗಿಯುತ್ತದೆ, ನಿಮಗೆ ಈಗಲೇ ಬೇಡ.

ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಬಟ್ಟಲನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ. ಹೆಡ್ಜ್‌ಹಾಗ್ ಆರೋಗ್ಯವಾಗಿ ಕಂಡರೂ ಸಾಲ್ಮೊನೆಲ್ಲಾ ಸೋಂಕನ್ನು ಹೊತ್ತಿರಬಹುದು. ಸಿಗಡಿ ತಿಂದರೆ ಅಲರ್ಜಿಯಾಗುವವರು ಮನೆಯಲ್ಲಿದ್ದರೆ ಹುಳುವಿನ ಡಬ್ಬಿಯಿಂದ ದೂರವಿರಲಿ. ಹುಳುಗಳಲ್ಲೂ ಅದೇ ಬಗೆಯ ಪ್ರೋಟೀನ್ ಇದೆ.

ಪ್ರಶ್ನೆ: ಮೀಲ್‌ವರ್ಮ್ ನುಂಗಿದ ಮೇಲೆ ಹೊಟ್ಟೆಯೊಳಗಿನಿಂದ ಕಚ್ಚುತ್ತದೆ, ತಲೆ ಚಿವುಟಿಯೇ ಕೊಡಬೇಕು ಎಂದು ಪರಿಚಿತರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಹೆಡ್ಜ್‌ಹಾಗ್ ಹಾವಿನಂತೆ ನುಂಗುವುದಿಲ್ಲ, ಅಗಿಯುತ್ತದೆ. ಬಾಯಲ್ಲಿ 36 ಹಲ್ಲುಗಳಿವೆ. ಯಾವ ಹುಳುವಿನ ತಲೆಯನ್ನೂ ಚಿವುಟಬೇಡಿ.

ಪ್ರಶ್ನೆ: ತೋಟದ ಮಣ್ಣಿನಲ್ಲಿ ಹುಳುಗಳು ಧಾರಾಳವಾಗಿ ಸಿಗುತ್ತವೆ. ಅವನ್ನೇ ಹಿಡಿದು ಕೊಡಬಹುದೇ?

ಉತ್ತರ: ಬೇಡ. ಆ ಹುಳು ಎಲ್ಲಿ ಏನು ತಿಂದು ಬಂದಿದೆಯೋ ನಿಮಗೆ ತಿಳಿಯದು. ಕೀಟನಾಶಕ ಸೋಕಿರಬಹುದು, ಪರೋಪಜೀವಿಗಳನ್ನು ಹೊತ್ತಿರಬಹುದು. ಅರ್ಧ ಕಿಲೋ ತೂಗುವ ಪ್ರಾಣಿಗೆ ಒಂದಿಷ್ಟು ವಿಷವೂ ಹೆಚ್ಚೇ. ಆಹಾರಕ್ಕೆಂದೇ ಬೆಳೆಸಿದ ಹುಳುಗಳನ್ನು ಮಾತ್ರ ಕೊಡಿ.

ಪ್ರಶ್ನೆ: ನನಗೆ ಅಸಹ್ಯವೇನಿಲ್ಲ, ಮರುಕ ಬರುತ್ತದೆ. ಒಂದು ಜೀವವನ್ನು ಉಳಿಸಲು ದಿನವೂ ಇನ್ನೊಂದನ್ನು ಕೊಡುವುದು ಸರಿಯೇ ಎಂದು ಕೈ ತಡೆಯುತ್ತದೆ. ನೀವು ಹೇಗೆ ಸಮಾಧಾನ ಮಾಡಿಕೊಂಡಿರಿ?

ಉತ್ತರ: ಪೂರ್ತಿ ಸಮಾಧಾನ ನನಗೆ ಸಿಗಲಿಲ್ಲ, ಸಿಕ್ಕಿತೆಂದು ಬರೆದರೆ ಸುಳ್ಳಾಗುತ್ತದೆ. ಹುಳುವಿಗೆ ನೋವು ಎಷ್ಟು ತಿಳಿಯುತ್ತದೆ ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. ತಿಳಿಯುತ್ತದೆ ಎಂದೇ ಎಣಿಸಿ ನಡೆದುಕೊಂಡೆ. ಅಂಗಡಿಯಿಂದ ತಂದ ಡಬ್ಬಿಯಲ್ಲಿ ಹುಳುಗಳು ಸಾಮಾನ್ಯವಾಗಿ ಒತ್ತೊತ್ತಾಗಿ, ಹಸಿದು ಇರುತ್ತವೆ. ನಾನು ತಂದ ದಿನವೇ ಅಗಲವಾದ ಪೆಟ್ಟಿಗೆಗೆ ಸುರಿದು, ಎರಡು ಬೆರಳು ಆಳ ಓಟ್ಸ್ ಹಾಸಿ, ಮುಚ್ಚಳಕ್ಕೆ ಗಾಳಿಯ ತೂತು ಕೊರೆದೆ. ಕ್ಯಾರೆಟ್ ಚೂರು ಬಾಡುವ ಮೊದಲೇ ಬದಲಿಸುತ್ತಿದ್ದೆ, ಬೂಸಲು ಹಿಡಿದರೆ ಪೆಟ್ಟಿಗೆಯೇ ಹಾಳಾಗುತ್ತದೆ. ತಂಪಿನಲ್ಲಿಟ್ಟವನ್ನು ವಾರಕ್ಕೊಮ್ಮೆ ಒಂದು ದಿನ ಹೊರತೆಗೆದು ಉಣ್ಣಲು ಬಿಡುತ್ತಿದ್ದೆ. ಕಪ್ಪಗಾಗಿ ಸತ್ತವನ್ನು ಅಂದೇ ತೆಗೆಯುತ್ತಿದ್ದೆ. ಬಟ್ಟಲಿಗೆ ಆ ಸಂಜೆ ತಿನ್ನುವಷ್ಟನ್ನೇ ಹಾಕುತ್ತಿದ್ದೆ, ಉಳಿದವು ರಾತ್ರಿಯೆಲ್ಲ ಅಲ್ಲಿ ತೆವಳುತ್ತಾ ಒಣಗಬಾರದು ಎಂದು.

ಕೆಲವು ಹುಳುಗಳು ಬಟ್ಟಲಿಗೆ ಬೀಳುವ ಮೊದಲೇ ಪ್ಯೂಪಾ ಆಗಿ, ಎರಡು ಮೂರು ವಾರ ಸುಮ್ಮನೆ ಮಲಗಿ, ಆಮೇಲೆ ದುಂಬಿಯಾಗಿ ಹೊರಬರುತ್ತಿದ್ದವು. ಮೊದಲು ಬಿಳುಪು, ನಂತರ ಕಂದು, ಕೊನೆಗೆ ಕಪ್ಪು. ದುಂಬಿಯಾದವನ್ನು ನಾನು ಬುಗುರಿಗೆ ಕೊಡಲಿಲ್ಲ. ಅವಕ್ಕೆ ಬೇರೆ ಪೆಟ್ಟಿಗೆ ಮಾಡಿದೆ. ಅವಳು ತೀರಿಕೊಂಡ ಮೇಲೂ ಅದರಲ್ಲಿ ಹನ್ನೊಂದು ದುಂಬಿಗಳಿದ್ದವು. ಕೊನೆಯದು ಸಾಯುವವರೆಗೂ ಓಟ್ಸ್, ಕ್ಯಾರೆಟ್ ಬದಲಿಸುತ್ತಲೇ ಇದ್ದೆ.