‘ಅಯ್ಯೋ ಪಾಪ’ ಅನ್ನುವಲ್ಲಿಗೇ ಚರ್ಚೆ ನಿಂತರೆ

ಒಕ್ಕಲುತನದ ಕಾದಂಬರಿ ಹಿಡಿದು ನಿಮ್ಮ ಓದುಬಳಗದ 8 ಜನ ಕೂತರೂ ಮಾತು ‘ಅಯ್ಯೋ ಪಾಪ ರೈತರು’ ಅನ್ನುವಲ್ಲಿಗೇ ಮುಗಿದುಬಿಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ತೊಂದರೆ ಸಾಮಾನ್ಯವಾಗಿ ಮೊದಲ ಪ್ರಶ್ನೆಯಲ್ಲೇ ಇರುತ್ತದೆ. ‘ಹೇಗನ್ನಿಸಿತು?’ ಎಂದು ಶುರು ಮಾಡಿದರೆ ಬರುವುದು ಮರುಕವೇ. ಹೊಲ ಯಾರ ಹೆಸರಲ್ಲಿದೆ, ದುಡಿಯುವವರು ಯಾರು, ದುಡ್ಡು ಯಾರ ಕೈಯಲ್ಲಿ ಎಂದು ಕೇಳಿ. ಉತ್ತರಕ್ಕೆ ಪುಟ ತಿರುವಲೇಬೇಕಾಗುತ್ತದೆ.

ಓದು ಶುರುವಾಗುವ ಮೊದಲೇ ಕೆಲಸ ಹಂಚಿ. ಒಬ್ಬರು ಹೊಲ, ಬಾವಿ, ಮನೆಗಳ ನಕ್ಷೆ ಬರೆಯಲಿ. ಇನ್ನೊಬ್ಬರು ಉಳುಮೆ, ಬಿತ್ತನೆ, ಕೊಯ್ಲು ಬರುವ ಪುಟಗಳನ್ನು ಗುರುತಿಸಲಿ. ಮತ್ತೊಬ್ಬರು ಸಾಲದ ಲೆಕ್ಕ ಇಡಲಿ. ಈ ಲೆಕ್ಕವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಬಿತ್ತನೆಗೆ ಮುಂಚೆ ಸಾಲ, ಕೊಯ್ಲಾದ ಮೇಲೆ ತೀರಿಕೆ. ಎಲ್ಲರ ಬೆಳೆಯೂ ಒಟ್ಟಿಗೇ ಮಾರುಕಟ್ಟೆಗೆ ಬಂದಾಗ ಬೆಲೆ ಬಿದ್ದಿರುತ್ತದೆ. ಸಾಲ ಮಾಡಿದವನು ಕಾಯಲಾರ, ಆಗಲೇ ಮಾರುತ್ತಾನೆ. ಇದು ಕಂಡರೆ ಒಳ್ಳೆ ಮಳೆಯಾದ ವರ್ಷವೂ ಕಾದಂಬರಿಯ ರೈತನ ಮನೆ ಯಾಕೆ ಸೋಲುತ್ತದೆಂದು ಹೊಳೆಯುತ್ತದೆ, ಆ ಮನೆಯ ಅಪ್ಪನ ಸಿಟ್ಟು ಬರೀ ಸ್ವಭಾವವಾಗಿ ಕಾಣುವುದಿಲ್ಲ.

ಆಮೇಲೆ ಕೆಲಸದ ದೃಶ್ಯವೊಂದನ್ನು ಗಟ್ಟಿಯಾಗಿ ಓದಿಸಿ, 2 ಪುಟ ಸಾಕು. ಕಳೆ ಕೀಳುವಾಗ ಬೆರಳಿನ ಸಂದಿಯ ಮಣ್ಣು, ಬಗ್ಗಿದ ಸೊಂಟದ ನೋವು ವಾಕ್ಯದಲ್ಲಿ ಬಂದಿದೆಯೇ? ಇಲ್ಲಾ ಲೇಖಕರು ಬದುವಿನ ಮೇಲೆ ನಿಂತು ಹಸಿರನ್ನಷ್ಟೇ ನೋಡಿದ್ದಾರೆಯೇ? ನನ್ನ ಪ್ರಕಾರ ಕಾದಂಬರಿಯ ಕಸುವು ತಿಳಿಯುವುದು ಇಲ್ಲೇ.

300 ಪುಟ ದಾಟಿದ್ದರೆ 2 ಸಲ ಸೇರಿ. ಇನ್ನೊಂದು, ಬಳಗದಲ್ಲಿ ಬೇಸಾಯ ಗೊತ್ತಿರುವವರು ಒಬ್ಬರೇ ಇದ್ದರೆ ‘ನಿಜಕ್ಕೂ ಹೀಗೇನಾ?’ ಎಂದು ಅವರನ್ನೇ ಪದೇ ಪದೇ ಕೇಳಬೇಡಿ. ಅವರಿಗೆ ಕಾದಂಬರಿ ಬಗ್ಗೆ ಮಾತಾಡಲು ಪುರುಸೊತ್ತೇ ಸಿಗುವುದಿಲ್ಲ.