ವಾಕಿ-ಟಾಕಿಯಲ್ಲಿ ಮಾತು ಸರಿಯಾಗಿ ಕೇಳಿಸದಿದ್ದರೆ ಮೊದಲು ಏನು ನೋಡಬೇಕು?

ಪ್ರಶ್ನೆ: ನಾನು ಪುಣೆಯ ವಾಕಡ್‌ನಲ್ಲಿರುವ ಹೌಸಿಂಗ್ ಸೊಸೈಟಿಯೊಂದರ ಕಾರ್ಯದರ್ಶಿ. ನಮ್ಮಲ್ಲಿ ಮೂರು ಕಟ್ಟಡಗಳೂ ಎರಡು ಹಂತದ ಬೇಸ್‌ಮೆಂಟ್ ಪಾರ್ಕಿಂಗೂ ಇವೆ. ವಾಚ್‌ಮನ್‌ಗಳಿಗಾಗಿ ಎರಡು ವರ್ಷಗಳ ಹಿಂದೆ ಲೈಸೆನ್ಸ್ ಬೇಡದ ಆರು ವಾಕಿ-ಟಾಕಿಗಳನ್ನು ಕೊಂಡಿದ್ದೆವು. ಈ ಮಳೆಗಾಲದಿಂದ ಗೇಟಿನ ಕ್ಯಾಬಿನ್‌ನ ಸೆಟ್‌ನಲ್ಲಿ ಬೇರೆಯವರ ಮಾತು ಕರಕರ ಸದ್ದಿನೊಡನೆ ತುಂಡು ತುಂಡಾಗಿ ಬರುತ್ತಿದೆ. ಬೇಸ್‌ಮೆಂಟ್‌ನವರ ಮಾತಂತೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೆಚ್ಚು ವ್ಯಾಟ್‌ನ ಸೆಟ್ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಕೊಳ್ಳಬೇಕೇ?

ಉತ್ತರ: ಈಗಲೇ ಕೊಳ್ಳಬೇಡಿ. ವ್ಯಾಟ್ ಎಂಬುದು ಸೆಟ್ ಎಷ್ಟು ಬಲವಾಗಿ ಮಾತನ್ನು ಹೊರಗೆ ಕಳಿಸುತ್ತದೆ ಎಂಬುದರ ಅಳತೆಯೇ ಹೊರತು ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ ಎಂಬುದರ ಅಳತೆಯಲ್ಲ. ನಿಮ್ಮ ಗೇಟಿನ ಸೆಟ್‌ಗೆ ಕಿವಿ ಮಂದವಾಗಿದ್ದರೆ ಅದಕ್ಕೆ ದೊಡ್ಡ ಗಂಟಲು ಕೊಡಿಸಿ ಪ್ರಯೋಜನವಿಲ್ಲ. ಆರೂ ಸೆಟ್‌ಗಳನ್ನು ಬದಲಿಸಿದರೂ ಲಾಭ ನೀವು ಎಣಿಸಿದಷ್ಟಿರುವುದಿಲ್ಲ, ಏಕೆಂದರೆ ಅಡ್ಡಿಯೇ ಇಲ್ಲದ ಬಯಲಿನಲ್ಲಿಯೂ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೆ ದೂರ ಎರಡು ಪಟ್ಟು ಮಾತ್ರ ಆಗುತ್ತದೆ, ಕಾಂಕ್ರೀಟ್ ಗೋಡೆಗಳ ನಡುವೆ ಅಷ್ಟೂ ಆಗುವುದಿಲ್ಲ. ಇನ್ನೊಂದು ಮಾತನ್ನು ಅಂಗಡಿಯವರು ಹೇಳಿರಲಾರರು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಆವರ್ತನ ಪಟ್ಟಿಯಲ್ಲಿ ಕೆಲಸ ಮಾಡುವ, ಕಡಿಮೆ ಶಕ್ತಿಯ ಇಂಥ ವಾಕಿ-ಟಾಕಿಗಳನ್ನು. ಅಂಗಡಿಯವರು ಹೇಳುವಂಥ ಹೆಚ್ಚು ಶಕ್ತಿಯ ಸೆಟ್‌ಗಳಿಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ಅದಿಲ್ಲದೆ ಕೊಂಡರೆ ಹೊಣೆ ಸೊಸೈಟಿಯ ತಲೆಗೇ ಬರುತ್ತದೆ.

ಇನ್ನು ದೋಷ ಹುಡುಕುವ ಕೆಲಸ. ಕೇಳಿಸುತ್ತಿಲ್ಲ ಎಂದ ಮಾತ್ರಕ್ಕೆ ತಪ್ಪು ಕೇಳುವ ಸೆಟ್‌ನದೇ ಎಂದು ತೀರ್ಮಾನಿಸಬಾರದು. ಸೆಟ್ ಕೇಳುವಾಗ ಬ್ಯಾಟರಿಯಿಂದ ಎಳೆಯುವ ವಿದ್ಯುತ್ತು ಕಡಿಮೆ, ಮಾತಾಡುವಾಗ ಎಳೆಯುವುದು ಬಹಳ ಹೆಚ್ಚು. ಹೀಗಾಗಿ ಹಳತಾದ ಬ್ಯಾಟರಿಯ ಸೆಟ್‌ನಲ್ಲಿ ಬೇರೆಯವರ ಮಾತು ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಗುಂಡಿ ಒತ್ತಿದೊಡನೆ ಅದರ ಶಕ್ತಿ ಕುಸಿಯುತ್ತದೆ, ದೂರು ಬರುವುದು ಮಾತ್ರ ಇನ್ನೊಂದು ತುದಿಯಿಂದ. ಆದ್ದರಿಂದ ಗೇಟಿನ ಸೆಟ್ಟನ್ನೂ ಚೆನ್ನಾಗಿರುವ ಇನ್ನೊಂದು ಸೆಟ್ಟನ್ನೂ ಅಕ್ಕಪಕ್ಕ ಹಿಡಿದು ಹೊರಗೆ ನಿಂತುಕೊಳ್ಳಿ. ಮೂರನೆಯ ಸೆಟ್ ಹಿಡಿದ ವಾಚ್‌ಮನ್ ‘ಏಕ್, ದೋನ್, ತೀನ್’ ಎಂದು ಒಂದೇ ಸಮನೆ ಎಣಿಸುತ್ತಾ ಕಟ್ಟಡದ ಹಿಂಬದಿಯವರೆಗೂ ದೂರ ಸರಿಯಲಿ. ಹತ್ತಿರದಲ್ಲಿಯೇ ಪರೀಕ್ಷಿಸಿದರೆ ಎಲ್ಲ ಸೆಟ್‌ಗಳೂ ಚೆನ್ನಾಗಿರುವಂತೆಯೇ ತೋರುತ್ತವೆ. ಎರಡರಲ್ಲಿಯೂ ಮಾತು ಒಟ್ಟಿಗೆ ಒಡೆಯಲು ತೊಡಗಿದರೆ ನಿಮ್ಮ ಸೆಟ್ ನಿರ್ದೋಷಿ. ಗೇಟಿನದರಲ್ಲಿ ಮಾತ್ರ ಮೊದಲೇ ಒಡೆದರೆ ಎರಡರ ಬ್ಯಾಟರಿಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ, ಅನಂತರ ಆಂಟೆನಾಗಳನ್ನು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಳ್ಳ ಯಾರೆಂಬುದು ತಿಳಿಯುವುದೇ ಇಲ್ಲ. ಆಂಟೆನಾ ಬಿಚ್ಚಿರುವಾಗ ಮಾತಾಡುವ ಗುಂಡಿಯನ್ನು ಮಾತ್ರ ಯಾರೂ ಒತ್ತಕೂಡದು, ಅದರಿಂದ ಸೆಟ್‌ನ ಒಳಭಾಗ ಸುಟ್ಟುಹೋಗಬಹುದು.

ನನ್ನ ಅನುಭವದಲ್ಲಿ ಕಳ್ಳ ಹೆಚ್ಚಾಗಿ ಸಿಗುವುದು ಆಂಟೆನಾದ ಬುಡದಲ್ಲಿ. ಹೊರಗಿನಿಂದ ಹೊಸದರಂತೆಯೇ ಕಾಣುತ್ತಿದ್ದ ಒಂದು ಆಂಟೆನಾವನ್ನು ಬುಡದ ಬಳಿ ತುಸು ಬಾಗಿಸಿದರೆ ಮಾತು ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ರಬ್ಬರನ್ನು ಸೀಳಿ ನೋಡಿದಾಗ ಒಳಗಿನ ತಂತಿಯ ಸುರುಳಿ ಹಿತ್ತಾಳೆಯ ಬುಡಕ್ಕೆ ಸೇರುವ ಬೆಸುಗೆ ಕೂದಲೆಳೆಯಷ್ಟು ಬಿರಿದಿತ್ತು. ಸೆಟ್ಟನ್ನು ಆಂಟೆನಾ ಹಿಡಿದು ಎತ್ತುವುದು, ಬೇಸರ ಕಳೆಯಲು ತಿರುಗಿಸುತ್ತಾ ಕೂರುವುದು, ಇವುಗಳಿಂದ ಆಗುವ ಹಾನಿ ಇದು. ದಯವಿಟ್ಟು ವಾಚ್‌ಮನ್‌ಗಳಿಗೆ ಒಮ್ಮೆ ತಿಳಿಸಿ ಹೇಳಿ, ಬೈಯುವ ಅಗತ್ಯವಿಲ್ಲ. ನಿಮ್ಮ ತೊಂದರೆ ಮಳೆಗಾಲದಲ್ಲಿ ಶುರುವಾಗಿರುವುದರಿಂದ ಆಂಟೆನಾ ಬಿಚ್ಚಿ ಅದರ ನಡುವಿನ ಪಿನ್ನಿನ ಸುತ್ತ ಹಸಿರು ಕಿಲುಬು ಹಿಡಿದಿದೆಯೇ ಎಂದೂ ನೋಡಬೇಕು. ಇದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಬೆರಳಿನಿಂದಲೇ ಬಿಗಿ ಮಾಡಿ, ಇಕ್ಕಳ ಬೇಡ. ಹೊಸ ಆಂಟೆನಾಗಾಗಿ ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬುಧವಾರ ಪೇಟೆಗೆ ಹೋಗುವುದಾದರೆ ತಿರುಪು ಕೂಡುತ್ತದೆಯೇ ಎಂದಷ್ಟೇ ನೋಡದೆ, ಅದು 446 ಮೆಗಾಹರ್ಟ್ಸ್‌ಗೆ ಮಾಡಿದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. 150 ಮೆಗಾಹರ್ಟ್ಸ್‌ನ ಆಂಟೆನಾ ಕೂಡ ಅದೇ ತಿರುಪಿಗೆ ಸಲೀಸಾಗಿ ಕೂರುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ.

ಸೆಟ್‌ನಲ್ಲಿ ಮಾನಿಟರ್ ಗುಂಡಿ (ಬರುತ್ತಿರುವ ಎಲ್ಲ ಸದ್ದನ್ನೂ ತಡೆಯದೆ ಕೇಳಿಸುವ ಗುಂಡಿ) ಇದ್ದರೆ ಅದನ್ನು ಒತ್ತಿ ಹಿಡಿಯಿರಿ. ಆಗ ಬುಸ್ಸೆಂಬ ಸದ್ದೂ ಬರದಿದ್ದರೆ ಸ್ಪೀಕರ್ ಕೆಟ್ಟಿರಬಹುದು. ಗುಂಡಿ ಒತ್ತಿದಾಗ ಮಾತು ಸ್ವಚ್ಛವಾಗಿ ಕೇಳಿ ಬಿಟ್ಟಾಗ ನಿಂತುಹೋದರೆ ಸ್ಕ್ವೆಲ್ಚ್ (ಕ್ಷೀಣ ಸಂಕೇತ ಬಂದಾಗ ಸ್ಪೀಕರನ್ನು ಸುಮ್ಮನಾಗಿಸುವ ವ್ಯವಸ್ಥೆ) ಮಟ್ಟವನ್ನು ಹೆಚ್ಚಾಗಿ ಇಟ್ಟಿದ್ದಾರೆ, ಇಲ್ಲವೇ ಆ ಸೆಟ್‌ನ ಟೋನ್ ಕೋಡ್ (ತನ್ನ ಗುಂಪಿನ ಸೆಟ್‌ಗಳನ್ನಷ್ಟೇ ಕೇಳಿಸುವ ಗುಪ್ತ ಗುರುತು) ಉಳಿದವುಗಳಿಗೆ ಹೊಂದುತ್ತಿಲ್ಲ ಎಂದರ್ಥ.

ಇಷ್ಟೆಲ್ಲ ಮಾಡಿದ ಮೇಲೆ ಹೊರಗೆ ಚೆನ್ನಾಗಿ ಕೇಳುವ ಸೆಟ್ ಕ್ಯಾಬಿನ್ ಒಳಗೆ ಮಾತ್ರ ಕರಕರಗುಟ್ಟಿದರೆ ತಪ್ಪು ಕ್ಯಾಬಿನ್‌ನದು, ಮತ್ತು ನಿಮ್ಮ ಪತ್ರ ಓದಿದಾಗ ನನ್ನ ಅನುಮಾನ ಮೊದಲು ಹೋದದ್ದೂ ಅತ್ತಲೇ. ಬೇಸಿಗೆಯಲ್ಲಿ ಸೆಟ್ ವಾಚ್‌ಮನ್‌ನ ಕೈಯಲ್ಲಿ ಹೊರಗಿರುತ್ತದೆ, ಮಳೆ ಹಿಡಿದಾಗ ಅದು ತಗಡಿನ ಗೋಡೆಯ ಒಳಗೆ, ಮೇಜಿನ ಮೂಲೆಯ ಚಾರ್ಜರ್ ಮೇಲೆ, ಸಿಸಿಟಿವಿ ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ಕೂರುತ್ತದೆ. ತಗಡು ರೇಡಿಯೋ ಅಲೆಗಳನ್ನು ತಡೆಯುತ್ತದೆ, ಅಗ್ಗದ ಎಲ್‌ಇಡಿ ದೀಪಗಳ ಮತ್ತು ಅಡಾಪ್ಟರ್‌ಗಳ ವಿದ್ಯುತ್ ಗದ್ದಲ ಉಳಿದ ಅಲ್ಪ ಸಂಕೇತವನ್ನೂ ಮುಳುಗಿಸುತ್ತದೆ. ಬೇಸ್‌ಮೆಂಟ್‌ನಿಂದ ಒಬ್ಬರು ಎಣಿಸುತ್ತಿರಲಿ, ನೀವು ದೀಪವನ್ನೂ ಅಡಾಪ್ಟರ್‌ಗಳನ್ನೂ ಒಂದೊಂದಾಗಿ ಆರಿಸುತ್ತಾ ಹೋಗಿ. ಯಾವುದನ್ನು ಆರಿಸಿದಾಗ ಮಾತು ತಿಳಿಯಾಗುತ್ತದೋ ಅದನ್ನೇ ಬದಲಿಸಿ. ಸೆಟ್ಟನ್ನು ಕಿಟಕಿಯ ಬಳಿ, ಆಂಟೆನಾ ನೆಟ್ಟಗೆ ನಿಲ್ಲುವಂತೆ ಎತ್ತರದಲ್ಲಿ ತೂಗುಹಾಕಿ.

ಬೇಸ್‌ಮೆಂಟ್‌ನ ವಿಷಯದಲ್ಲಿ ಪೂರ್ಣ ಪರಿಹಾರದ ಭರವಸೆ ಕೊಡಲಾರೆ. ಕಬ್ಬಿಣದ ಸರಳುಗಳ ಬಲೆಯಿರುವ ಎರಡು ಚಪ್ಪಡಿಗಳನ್ನು ದಾಟಿ ಬರುವುದು ಸಣ್ಣ ಸೆಟ್‌ಗೆ ಕಷ್ಟ. ಆದರೆ ಈ ಅಲೆಯ ಉದ್ದ ಸುಮಾರು 67 ಸೆಂಟಿಮೀಟರ್ ಆಗಿರುವುದರಿಂದ, ಗೋಡೆಗಳಿಂದ ಮರಳಿ ಬಂದ ಅಲೆಗಳು ಒಂದು ಕಡೆ ಪರಸ್ಪರ ಅಳಿಸಿಹಾಕಿದರೂ ಒಂದು ಹೆಜ್ಜೆಯ ಆಚೆ ಕೂಡಿಕೊಂಡು ಬಲವಾಗಿರಬಹುದು. ಸೆಟ್ಟನ್ನು ಸೊಂಟದಿಂದ ತೆಗೆದು ಮುಖದ ಮಟ್ಟಕ್ಕೆ ಹಿಡಿದು, ಮಾತು ಚೆನ್ನಾಗಿ ಬರುವ ಜಾಗಗಳನ್ನು ರ‍್ಯಾಂಪ್ ಮತ್ತು ಮೆಟ್ಟಿಲ ಬಳಿ ಹುಡುಕಿ, ನೆಲದ ಮೇಲೆ ಹಳದಿ ಬಣ್ಣದ ಗುರುತು ಹಾಕಿಸಿ. ತುರ್ತು ಸಂದರ್ಭಕ್ಕೆ ಪ್ರತಿ ಹಂತದಲ್ಲಿಯೂ ಒಂದು ತಂತಿಯ ಇಂಟರ್‌ಕಾಮ್ ಇರಲೇಬೇಕು, ಇದರಲ್ಲಿ ಹಣ ಉಳಿಸಬೇಡಿ.

ಪ್ರಶ್ನೆ: ಪುಣೆ ಬಳಿಯ ಸಿಂಹಗಡ ಕೋಟೆ ಹತ್ತುವಾಗ ನಮ್ಮ ಗುಂಪಿನ ಒಬ್ಬರು ಕೆಳಗೆ ಬೆಟ್ಟದ ಬುಡದ ಅತ್ಕರವಾಡಿಯಲ್ಲಿ ಉಳಿದಿದ್ದರು. ಕೋಟೆಯ ಮೇಲಿನಿಂದ ವಾಕಿ-ಟಾಕಿಯಲ್ಲಿ ಅವರ ಮಾತು ಕೇಳಿಸಲಿಲ್ಲ. ಅಂದು ದಟ್ಟ ಮಂಜಿತ್ತು. ಅದೇ ಕಾರಣವೇ?

ಉತ್ತರ: ಅಲ್ಲ. ಈ ಪಟ್ಟಿಯ ಅಲೆಗಳಿಗೆ ಮಂಜಾಗಲಿ ಮಳೆಯಾಗಲಿ ಲೆಕ್ಕಕ್ಕೆ ಬರುವಷ್ಟು ಅಡ್ಡಿ ಮಾಡುವುದಿಲ್ಲ, ಅಡ್ಡಿ ಮಾಡುವುದು ಬಂಡೆ. ಸಮುದ್ರಮಟ್ಟದಿಂದ 1,300 ಮೀಟರಿಗೂ ಮಿಕ್ಕಿ ಎತ್ತರದಲ್ಲಿರುವ ಕೋಟೆಯ ಮೇಲೆ ನಿಂತರೆ ದೂರದ ಪುಣೆ ಕಾಣುತ್ತದೆ, ಕಾಲ ಕೆಳಗಿನ ಊರು ಕಾಣುವುದಿಲ್ಲ. ನೀವು ಸಮತಟ್ಟಿನ ನಡುವೆ ನಿಂತಾಗ ನಿಮಗೂ ಕೆಳಗಿನವರಿಗೂ ನಡುವೆ ಬೆಟ್ಟದ ಅಂಚೇ ಅಡ್ಡವಾಗಿರುತ್ತದೆ. ಮುಂದಿನ ಸಲ ಅತ್ಕರವಾಡಿ ಕಣ್ಣಿಗೆ ಬೀಳುವ ಜಾಗವನ್ನು ಮಂಜು ಇಲ್ಲದ ದಿನ ನೋಡಿಟ್ಟುಕೊಂಡು, ಗಂಟೆಗೊಮ್ಮೆ ಇಂತಿಷ್ಟು ಹೊತ್ತಿಗೆ ಎಂದು ಗೊತ್ತುಮಾಡಿಕೊಂಡು ಅಲ್ಲಿಂದಲೇ ಕರೆಯಿರಿ. ಒದ್ದೆಯಾದ ಅಂಚಿನಲ್ಲಿ ಕಾಲು ಜಾರುತ್ತದೆ, ಕೋಟೆಯ ಗೋಡೆಯನ್ನು ದಾಟಿ ಆಚೆ ಹೋಗಬೇಡಿ.